ಹೆಜ್ಜೆ ಎಣಿಸಿದರೆ ಆರೋಗ್ಯ ಬಂದೀತೆ?

ಕಳೆದ ತಿಂಗಳು ನನ್ನ ಆರೋಗ್ಯ ವಿಮೆಯ ನವೀಕರಣ ಪತ್ರ ಬಂತು. ಕಂತಿನ ಮೊತ್ತ ಏರುವುದು ಪ್ರತಿವರ್ಷದ ಸಂಗತಿಯಾದ್ದರಿಂದ ಅದರಲ್ಲಿ ಆಶ್ಚರ್ಯಪಡುವಂಥದೇನೂ ಇರಲಿಲ್ಲ. ಹೊಸದೆಂದರೆ ಪತ್ರದ ಜೊತೆಗಿದ್ದ ಬಣ್ಣದ ಹಾಳೆ. ಕಂಪನಿಯ ಆ್ಯಪನ್ನು ಮೊಬೈಲಿನಲ್ಲಿ ಹಾಕಿಕೊಂಡು ದಿನಕ್ಕೆ 10,000 ಹೆಜ್ಜೆ ನಡೆದರೆ ಅಂಕಗಳು ಸಿಗುತ್ತವೆ. ಅಂಕಗಳು ಕೂಡುತ್ತ ಹೋದರೆ ಮುಂದಿನ ಕಂತಿನಲ್ಲಿ ರಿಯಾಯಿತಿ ದೊರೆಯುತ್ತದೆ ಎಂಬುದು ಅದರ ಸಾರಾಂಶ.

ಮಗಳು ಆ್ಯಪ್ ಹಾಕಿಕೊಟ್ಟಳು. ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಿ ಬೆಳಗಿನ ನಡಿಗೆಯ ಗೆಳೆಯರನ್ನು ವಿಚಾರಿಸಿದರೆ ಹಲವರು ಆಗಲೇ ಈ ಲೆಕ್ಕದಲ್ಲಿ ಮುಳುಗಿದ್ದರು. ಮಂಡಿನೋವಿನ ಹಿರಿಯರೊಬ್ಬರು ಕಲ್ಲುಬೆಂಚಿನ ಮೇಲೆ ಕುಳಿತೇ ಇರುತ್ತಾರೆ; ಅವರ ಮೊಬೈಲು ಮಾತ್ರ ಮೊಮ್ಮಗನ ಜೇಬಿನಲ್ಲಿ ಉದ್ಯಾನವನ್ನು ಸುತ್ತುತ್ತಿರುತ್ತದೆ. 'ಹೆಜ್ಜೆ ಯಾರದಾದರೇನು ಸ್ವಾಮಿ, ವಂಶ ಒಂದೇ ತಾನೆ' ಎಂದು ಅವರು ನಕ್ಕಾಗ ನಾನೂ ನಕ್ಕೆ. ಆದರೆ ಮನೆಗೆ ಮರಳುವ ದಾರಿಯಲ್ಲಿ ನನಗೆ ನೆನಪಾದದ್ದು ನನ್ನ ಅಣ್ಣ.

ಅಣ್ಣ ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದ. 2011ರಲ್ಲಿ ಆರೋಗ್ಯ ವಿಮೆ ಮಾಡಿಸುವಾಗ ಅವನಿಗೆ ರಕ್ತದೊತ್ತಡವಿದ್ದುದು ಗೊತ್ತಿತ್ತು. 'ಬಿಪಿ ಅಂತ ಬರೆದರೆ ಕಂತು ಜಾಸ್ತಿ ಆಗುತ್ತೆ ಮೇಷ್ಟ್ರೇ, ಆ ಜಾಗ ಖಾಲಿ ಬಿಡಿ' ಎಂದು ಏಜೆಂಟರು ಹೇಳಿದರು. ಅಣ್ಣ ಖಾಲಿ ಬಿಟ್ಟ. ಅಲ್ಲಿಂದ ಅವನಿಗೆ ಒಂದು ವಿಚಿತ್ರ ಭಯ ಹತ್ತಿಕೊಂಡಿತು. ವೈದ್ಯರ ಬಳಿ ಹೋದರೆ ಚೀಟಿಯಲ್ಲಿ ಬಿಪಿ ಎಂದು ಬರೆಯುತ್ತಾರೆ, ನಾಳೆ ಅದೇ ತನ್ನ ವಿರುದ್ಧ ಸಾಕ್ಷಿಯಾಗುತ್ತದೆ ಎಂದು. ವೈದ್ಯರ ಭೇಟಿ ಅಪರೂಪವಾಯಿತು. ತಲೆ ಭಾರವೆನಿಸಿದ ದಿನ ಅಂಗಡಿಯಿಂದ ಒಂದೆರಡು ಮಾತ್ರೆ ತಂದು ನುಂಗುತ್ತಿದ್ದ. ವರ್ಷಕ್ಕೊಮ್ಮೆ ಬರುವ ನವೀಕರಣ ಪತ್ರದಲ್ಲಿ 'ಕ್ಲೇಮ್ ಮಾಡದ್ದಕ್ಕಾಗಿ ಬೋನಸ್' ಎಂದಿರುತ್ತಿದ್ದ ಸಾಲನ್ನು ಹೆಮ್ಮೆಯಿಂದ ತೋರಿಸುತ್ತಿದ್ದ. ದಿನಕ್ಕೆ ಐದು ಕಿಲೋಮೀಟರ್ ನಡೆಯುವುದನ್ನು ಮಾತ್ರ ಮಳೆಗಾಲದಲ್ಲಿಯೂ ತಪ್ಪಿಸಿದವನಲ್ಲ.

2016ರ ಒಂದು ಬೆಳಿಗ್ಗೆ, ನಡಿಗೆ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದಾಗ ಅವನ ಕೈಯಿಂದ ಲೋಟ ಜಾರಿತು. ಪಾರ್ಶ್ವವಾಯು. ಆಸ್ಪತ್ರೆಯ ಹಳೆಯ ಕಡತದಲ್ಲಿ ಬಿಪಿಯ ಉಲ್ಲೇಖ ಸಿಕ್ಕಿತು. ಕಾಯಿಲೆಯನ್ನು ಮರೆಮಾಚಿದ ಕಾರಣಕ್ಕೆ ಕಂಪನಿ ಪರಿಹಾರವನ್ನು ನಿರಾಕರಿಸಿತು. ತಪ್ಪು ಅಣ್ಣನದೇ, ಅದನ್ನು ನಾನು ಮುಚ್ಚಿಡಲಾರೆ. ಆದರೆ ಆ ಐದು ವರ್ಷಗಳಲ್ಲಿ ಅಣ್ಣನಿಗೂ ಕಂಪನಿಗೂ ಬೇಕಾಗಿದ್ದುದು ಒಂದೇ ಆಗಿತ್ತು: ಅವನಿಗೆ ಪಾರ್ಶ್ವವಾಯು ಬಡಿಯದಿರುವುದು. ಹಾಗಿದ್ದೂ ಇಬ್ಬರ ನಡುವೆ ಆ ಬಗ್ಗೆ ಒಂದೇ ಒಂದು ಮಾತು ನಡೆಯಲಿಲ್ಲ. ಕಂಪನಿ ಕೇಳಲಿಲ್ಲ, ಅಣ್ಣ ಹೇಳಲಿಲ್ಲ. ಇಂದಿನ ಆ್ಯಪ್ ಆಗ ಇದ್ದಿದ್ದರೆ? ಅವನ ಹೆಜ್ಜೆಗಳನ್ನು ಎಣಿಸಿ ತಿಂಗಳು ತಿಂಗಳೂ ಬಹುಮಾನ ಕೊಟ್ಟು, ಆರೋಗ್ಯವಂತನೆಂದು ಬೆನ್ನು ತಟ್ಟಿರುತ್ತಿತ್ತು.

ವಿಮಾ ಕಂಪನಿಗಳು ಗ್ರಾಹಕರ ಆರೋಗ್ಯದಲ್ಲಿ ಆಸಕ್ತಿ ವಹಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಎಂದೋ ಆಗಬೇಕಿತ್ತು. ನಮ್ಮಲ್ಲಿ ಮೆಡಿಕ್ಲೇಮ್ ಪಾಲಿಸಿ ಬಂದದ್ದು 1986ರಲ್ಲಿ. ಅಲ್ಲಿಂದ ಬಹುಕಾಲ ಆರೋಗ್ಯ ವಿಮೆಯೆಂದರೆ ಆಸ್ಪತ್ರೆಯಲ್ಲಿ ಮಲಗಿದವರ ಬಿಲ್ಲು ಕಟ್ಟುವ ವ್ಯವಸ್ಥೆ ಎಂದಷ್ಟೇ ಅರ್ಥವಾಗಿತ್ತು. 2020ರಲ್ಲಿ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಆರೋಗ್ಯ ಕಾಪಾಡಿಕೊಳ್ಳುವ ಗ್ರಾಹಕರಿಗೆ ಅಂಕ, ಕೂಪನ್, ಕಂತಿನಲ್ಲಿ ರಿಯಾಯಿತಿ ಮುಂತಾದವನ್ನು ಕಂಪನಿಗಳು ಕೊಡಬಹುದು. ಅಗತ್ಯವಂತೂ ಢಾಳಾಗಿ ಕಾಣುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ; 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಶೇ 35ಕ್ಕೂ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಪ್ರಶ್ನೆ ಇರುವುದು ಉತ್ತೇಜನ ಕೊಡಬೇಕೇ ಎಂಬುದರಲ್ಲಲ್ಲ. ಯಾವುದಕ್ಕೆ, ಯಾರಿಗೆ ಕೊಡಬೇಕು ಎಂಬುದರಲ್ಲಿ.

ಈಗ ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಉತ್ತೇಜನ ಯಾವುದು? ಅಣ್ಣ ಹೆಮ್ಮೆಪಡುತ್ತಿದ್ದ ಅದೇ ಬೋನಸ್. 2020ರಲ್ಲಿ ಎಲ್ಲ ಕಂಪನಿಗಳಿಗೂ ಕಡ್ಡಾಯವಾದ 'ಆರೋಗ್ಯ ಸಂಜೀವಿನಿ' ಪಾಲಿಸಿಯನ್ನೇ ನೋಡಿ: ಕ್ಲೇಮ್ ಇಲ್ಲದ ಪ್ರತಿವರ್ಷಕ್ಕೆ ವಿಮಾ ಮೊತ್ತ ಶೇ 5ರಷ್ಟು, ಗರಿಷ್ಠ ಶೇ 50ರವರೆಗೆ ಬೆಳೆಯುತ್ತದೆ, ಕ್ಲೇಮ್ ಮಾಡಿದರೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಇದು ಆರೋಗ್ಯಕ್ಕೆ ಸಿಗುವ ಬಹುಮಾನವಲ್ಲ, ಆಸ್ಪತ್ರೆಗೆ ಹೋಗದೇ ಇದ್ದುದಕ್ಕೆ ಸಿಗುವ ಬಹುಮಾನ. ಬಿಪಿಯನ್ನು ಕಡೆಗಣಿಸಿ ಮನೆಯಲ್ಲಿ ಕುಳಿತವನಿಗೆ ಅದು ಸಿಗುತ್ತದೆ. ಕಟ್ಟುನಿಟ್ಟಾಗಿ ಬದುಕಿಯೂ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಒಳಗಾದವಳ ಕೈ ತಪ್ಪುತ್ತದೆ. ಕಾಯಿಲೆ ಬರದಂತೆ ನೋಡಿಕೊಳ್ಳುವುದಕ್ಕೂ ಬಂದದ್ದನ್ನು ಮುಚ್ಚಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಈ ಲೆಕ್ಕಕ್ಕೆ ತಿಳಿಯದು.

ಹೆಜ್ಜೆಯ ಲೆಕ್ಕ ಇದಕ್ಕಿಂತ ವಾಸಿಯೇನೋ ಹೌದು. ಆದರೆ 10,000 ಎಂಬ ಸಂಖ್ಯೆಯ ಹುಟ್ಟು ವೈದ್ಯಶಾಸ್ತ್ರದಲ್ಲಿಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ಬಿಟ್ಟ ಹೆಜ್ಜೆಮಾಪಕದ ಹೆಸರೇ 'ಹತ್ತುಸಾವಿರ ಹೆಜ್ಜೆಗಳ ಮಾಪಕ' ಎಂದಿತ್ತು. ಆ ಸಂಖ್ಯೆ ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಅಮೆರಿಕದ ವೃದ್ಧ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿರುವುದನ್ನು ಕಂಡಿತು. ಸುಮಾರು 7,500 ಹೆಜ್ಜೆಗಳ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ ಕಲ್ಲುಬೆಂಚಿನ ಹಿರಿಯರು ಮಂಡಿನೋವಿನಲ್ಲಿಯೂ ಎದ್ದು ನಾಲ್ಕು ಸಾವಿರ ಹೆಜ್ಜೆ ಹಾಕಿದರೆ ಅವರಿಗಾಗುವ ಉಪಕಾರ ದೊಡ್ಡದು. ಆದರೆ ಆ್ಯಪಿನ ಪಾಲಿಗೆ ಅವರು ಅನುತ್ತೀರ್ಣರು. ಮೊಬೈಲು ಮೊಮ್ಮಗನ ಜೇಬು ಸೇರಿದ್ದು ಏಕೆಂದು ಈಗ ಅರ್ಥವಾಗುತ್ತದೆ.

ಹೊರದೇಶಗಳ ಅನುಭವವೂ ಇಲ್ಲಿ ಬೆಳಕು ಚೆಲ್ಲುತ್ತದೆ. ಈ ಬಗೆಯ ಯೋಜನೆಗಳಿಗೆ ದಾರಿ ತೋರಿದ್ದು 1997ರಲ್ಲಿ ದಕ್ಷಿಣ ಆಫ್ರಿಕದ ಡಿಸ್ಕವರಿ ಕಂಪನಿ ಆರಂಭಿಸಿದ 'ವೈಟಾಲಿಟಿ'. ಅಲ್ಲಿನ 1998ರ ವೈದ್ಯಕೀಯ ಯೋಜನೆಗಳ ಕಾನೂನಿನ ಪ್ರಕಾರ ಕಾಯಿಲೆಯವರಿಂದ ಹೆಚ್ಚು, ಆರೋಗ್ಯವಂತರಿಂದ ಕಡಿಮೆ ವಂತಿಗೆ ವಸೂಲು ಮಾಡುವಂತಿಲ್ಲ. ಆದ್ದರಿಂದ ಬಹುಮಾನದ ವ್ಯವಸ್ಥೆ ಬೇರೆಯಾಗಿಯೇ ನಡೆಯುತ್ತದೆ. ಹಣ್ಣು ತರಕಾರಿ ಕೊಂಡರೆ ಬೆಲೆಯಲ್ಲಿ ಶೇ 25ರವರೆಗೆ ವಾಪಸು ಕೊಟ್ಟಾಗ ಜನರ ಖರೀದಿ ಆರೋಗ್ಯಕರ ಆಹಾರದತ್ತ ಅಷ್ಟಿಷ್ಟು ವಾಲಿದ್ದನ್ನು ಅಧ್ಯಯನಗಳು ದಾಖಲಿಸಿವೆ. ಇದೇ ಸಂಸ್ಥೆಯ ಇನ್ನೊಂದು ಯೋಜನೆಯಲ್ಲಿ ಆಪಲ್ ಕೈಗಡಿಯಾರವನ್ನು ಮೊದಲೇ ಕೊಟ್ಟು, ವ್ಯಾಯಾಮ ಮಾಡದ ತಿಂಗಳು ಅದರ ಕಂತು ಕಟ್ಟಿಸಿಕೊಳ್ಳಲಾಯಿತು. ಮೂರು ದೇಶಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಪರಿಶೀಲಿಸಿದ ರ್‍ಯಾಂಡ್ ಯುರೋಪ್ ಸಂಸ್ಥೆಯ 2018ರ ವರದಿ, ಗಡಿಯಾರ ಪಡೆದವರ ಚಟುವಟಿಕೆ ಸರಾಸರಿ ಶೇ 34ರಷ್ಟು ಹೆಚ್ಚಿತೆಂದು ಹೇಳಿತು. ಬರುವ ಬಹುಮಾನದ ಆಸೆಗಿಂತ ಕೈಯಲ್ಲಿರುವುದು ಹೋಗುವ ಭಯ ದೊಡ್ಡದು! ಆದರೆ ಅದೇ ವರದಿಯ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಸ್ಥೂಲಕಾಯದವರು ಈ ಯೋಜನೆಗೆ ಸೇರಿದ್ದು ಕಡಿಮೆ, ಸೇರಿದವರಲ್ಲಿ ಬದಲಾವಣೆ ಮಾತ್ರ ಬಹಳ ಹೆಚ್ಚು. ಯಾರಿಗೆ ಅಗತ್ಯವೋ ಅವರೇ ಬಾಗಿಲಾಚೆ ನಿಂತಿದ್ದರು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಸುಮಾರು ಐದು ಸಾವಿರ ನೌಕರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ಮಾತ್ರ ಬಹುಮಾನಸಹಿತ ಆರೋಗ್ಯ ಕಾರ್ಯಕ್ರಮದ ಅವಕಾಶ. ವೈದ್ಯಕೀಯ ವೆಚ್ಚದಲ್ಲಾಗಲಿ, ವ್ಯಾಯಾಮಶಾಲೆಗೆ ಹೋಗುವುದರಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರ್ಯಕ್ರಮಕ್ಕೆ ಮುಂದೆ ಬಂದು ಸೇರಿದವರು ಮೊದಲಿನಿಂದಲೂ ಕಡಿಮೆ ವೈದ್ಯಕೀಯ ವೆಚ್ಚದವರೇ ಆಗಿದ್ದರು. ಬಿಜೆಸ್ ಎಂಬ ಮಳಿಗೆಗಳ ಸರಣಿಯ ಸುಮಾರು 33 ಸಾವಿರ ನೌಕರರ ನಡುವೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದ್ದೂ ಹೆಚ್ಚುಕಡಿಮೆ ಇದೇ ಕಥೆ: ವ್ಯಾಯಾಮ ಮಾಡುತ್ತೇವೆ ಎಂದವರ ಸಂಖ್ಯೆ ಹೆಚ್ಚಿತು; ಹದಿನೆಂಟು ತಿಂಗಳ ನಂತರ ರಕ್ತದೊತ್ತಡ, ಕೊಲೆಸ್ಟರಾಲ್, ಆಸ್ಪತ್ರೆಯ ವೆಚ್ಚ ಇದ್ದಲ್ಲೇ ಇದ್ದವು.

ಇಲ್ಲಿ ಒಂದು ಅಪಾಯ ಅಡಗಿದೆ. ಆರೋಗ್ಯವಂತರೇ ಮುಂದೆ ಬಂದು ಸೇರುವ ಯೋಜನೆ ಯಾರ ಆರೋಗ್ಯವನ್ನೂ ಸುಧಾರಿಸದೆ ಹೋದರೂ ಕಂಪನಿಗೆ ಲಾಭದಾಯಕವೇ. ಏಕೆಂದರೆ ಅದು ಜರಡಿಯಾಗಿ ಕೆಲಸ ಮಾಡುತ್ತದೆ: ಗಟ್ಟಿ ಕಾಳು ಉಳಿಯುತ್ತದೆ, ನುಚ್ಚು ಕೆಳಗೆ ಬೀಳುತ್ತದೆ. ಹಾಗೆ ಕೆಳಗೆ ಬಿದ್ದವರ ಕಂತಿನ ಹಣದಿಂದಲೇ ಗಟ್ಟಿಗರಿಗೆ ರಿಯಾಯಿತಿ ಸಲ್ಲುವುದಾದರೆ ಅದನ್ನು ಉತ್ತೇಜನ ಎನ್ನಬಹುದೇ?

ಹಾಗೆಂದು ಹಣದ ಉತ್ತೇಜನವೇ ನಿರರ್ಥಕವೆಂದು ತಿಳಿಯಬೇಕಾಗಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಧೂಮಪಾನಿ ನೌಕರರ ನಡುವೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಟ ಬಿಟ್ಟರೆ ಹಂತಹಂತವಾಗಿ 750 ಡಾಲರ್‌ವರೆಗೆ ಕೊಡುತ್ತೇವೆಂದಾಗ ಬಿಟ್ಟವರು ಶೇ 14.7, ಬರೀ ಮಾಹಿತಿ ಕೊಟ್ಟಾಗ ಶೇ 5. ಅಪಾಯದಲ್ಲಿರುವವರನ್ನೇ ಗುರುತಿಸಿ, ನಿರ್ದಿಷ್ಟವಾದ ಒಂದು ಗುರಿ ಇಟ್ಟು, ಹತ್ತಿರದಲ್ಲೇ ಪ್ರತಿಫಲ ತೋರಿದಾಗ ಫಲ ಸಿಕ್ಕಿದೆ. ಅಣ್ಣನ ಕಥೆಗೆ ಇನ್ನೂ ಹತ್ತಿರವಾದದ್ದು 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಹೃದಯಾಘಾತವಾಗಿ ಬದುಕುಳಿದ ಐದು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಒಂದು ಗುಂಪಿಗೆ ಏಟ್ನಾ ಎಂಬ ವಿಮಾ ಕಂಪನಿ ಹೃದಯದ ಮಾತ್ರೆಗಳನ್ನು ಸಂಪೂರ್ಣ ಉಚಿತವಾಗಿ ಒದಗಿಸಿತು. ಮಾತ್ರೆ ತಪ್ಪದೆ ತೆಗೆದುಕೊಳ್ಳುವವರ ಪ್ರಮಾಣ ನಾಲ್ಕರಿಂದ ಆರು ಅಂಶದಷ್ಟು ಏರಿತು. ಮೊದಲೇ ನಿಗದಿಪಡಿಸಿಕೊಂಡಿದ್ದ ಪ್ರಧಾನ ಅಳತೆಗೋಲಿನಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲವಾದರೂ ಹೃದಯ ಮತ್ತು ರಕ್ತನಾಳಗಳ ಗಂಭೀರ ತೊಂದರೆಗಳ ಒಟ್ಟು ಸಂಖ್ಯೆ ಇಳಿಯಿತು. ಕಂಪನಿಯ ಒಟ್ಟು ವೆಚ್ಚವೇನೂ ಏರಲಿಲ್ಲ. ಜರ್ಮನಿಯಲ್ಲಿ ಇನ್ನೂ ಸರಳವಾದ ಪದ್ಧತಿಯಿದೆ. ವರ್ಷಕ್ಕೊಮ್ಮೆ ದಂತವೈದ್ಯರಲ್ಲಿ ತಪಾಸಣೆ ಮಾಡಿಸಿ ಪುಟ್ಟ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡರೆ ಸಾಕು. ಮುಂದೆಂದಾದರೂ ಕೃತಕ ಹಲ್ಲು ಕಟ್ಟಿಸಬೇಕಾಗಿ ಬಂದಾಗ ಶೇ 60ರಷ್ಟಿರುವ ನೆರವು ಐದು ವರ್ಷಗಳ ಮುದ್ರೆಯಿದ್ದರೆ ಶೇ 70ಕ್ಕೆ, ಹತ್ತು ವರ್ಷಗಳದಿದ್ದರೆ ಶೇ 75ಕ್ಕೆ ಏರುತ್ತದೆ. ಅಲ್ಲಿ ಹಲ್ಲು ಗಟ್ಟಿಯಿದ್ದವರಿಗೆ ಬಹುಮಾನವಲ್ಲ. ಬಾಯಿ ತೆರೆದು ತೋರಿಸಿದವರಿಗೆ ಬಹುಮಾನ.

ನಮ್ಮ ಕಂಪನಿಗಳು ಇಂಥ ದಾರಿ ಏಕೆ ಹಿಡಿಯುವುದಿಲ್ಲ? ಅವರ ಲೆಕ್ಕಾಚಾರವನ್ನೂ ಅರ್ಥಮಾಡಿಕೊಳ್ಳಬೇಕು. ನಮ್ಮಲ್ಲಿ ಹೆಚ್ಚಿನ ಪಾಲಿಸಿಗಳು ಒಂದೊಂದು ವರ್ಷದವು. 2011ರಿಂದ ಗ್ರಾಹಕರು ಕಾಯುವ ಅವಧಿಯ ಲಾಭ ಕಳೆದುಕೊಳ್ಳದೆ ಬೇರೆ ಕಂಪನಿಗೆ ಹೋಗಬಹುದು. ಇಂದು ಬಿಪಿ ಹತೋಟಿಗೆ ತರಲು ಮಾಡಿದ ಖರ್ಚಿನ ಫಲ ಸಿಗುವುದು ಹತ್ತು ವರ್ಷದ ಮೇಲೆ. ಅಷ್ಟರಲ್ಲಿ ಗ್ರಾಹಕ ಯಾರ ಬಳಿ ಇರುತ್ತಾನೋ! ಬೇರೆಯವರ ತೋಟಕ್ಕೆ ಬಾವಿ ತೋಡಲು ಯಾವ ವ್ಯಾಪಾರಿಯೂ ಮುಂದಾಗುವುದಿಲ್ಲ. ಆದ್ದರಿಂದಲೇ ಇದನ್ನು ಒಂದೊಂದು ಕಂಪನಿಯ ಔದಾರ್ಯಕ್ಕೆ ಬಿಡದೆ, ಎಲ್ಲರಿಗೂ ಅನ್ವಯಿಸುವ ನಿಯಮವಾಗಿ ಪ್ರಾಧಿಕಾರವೇ ತರಬೇಕಾಗಿದೆ. ಎಲ್ಲರೂ ಬಾವಿ ತೋಡಿದರೆ ನೀರು ಯಾರ ತೋಟಕ್ಕೆ ಹರಿದರೂ ನಷ್ಟವಿಲ್ಲ.

ನನ್ನ ಸೂಚನೆಗಳು ನಾಲ್ಕೇ.

ಮೊದಲನೆಯದು, ನಿಜ ಹೇಳುವುದಕ್ಕೆ ಭಯವಿರಬಾರದು. ನಮ್ಮ ನಿಯಮಗಳು ಈಗಾಗಲೇ ಸ್ವಲ್ಪ ಮೃದುವಾಗಿವೆ. ಪಾಲಿಸಿಯ ನಡುವೆ ಬಂದ ಕಾಯಿಲೆಯ ಅಥವಾ ಮಾಡಿದ ಕ್ಲೇಮಿನ ಕಾರಣಕ್ಕೆ ನವೀಕರಣವನ್ನು ನಿರಾಕರಿಸುವಂತಿಲ್ಲ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿಯ ಮಿತಿ 2024ರಲ್ಲಿ ನಾಲ್ಕರಿಂದ ಮೂರು ವರ್ಷಕ್ಕಿಳಿದಿದೆ. ಸತತ ಅರವತ್ತು ತಿಂಗಳು ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾದ ಹೊರತು, ಮರೆಮಾಚಿದಿರೆಂದು ಕ್ಲೇಮ್ ತಳ್ಳಿಹಾಕುವಂತಿಲ್ಲ. ಆದರೆ ಇದೆಲ್ಲ ಎಷ್ಟು ಗ್ರಾಹಕರಿಗೆ ಗೊತ್ತು? ಬಣ್ಣದ ಹಾಳೆಯಲ್ಲಿ ಹೆಜ್ಜೆಯ ಬಗ್ಗೆ ಬರೆಯುವ ಮೊದಲು ಈ ನಾಲ್ಕು ಸಾಲನ್ನು ಕನ್ನಡದಲ್ಲಿ ಅಚ್ಚು ಮಾಡಲಿ.

ಎರಡನೆಯದು, ಬಹುಮಾನ ದೇಹಸ್ಥಿತಿಗಲ್ಲ, ಪ್ರಯತ್ನಕ್ಕೆ ಸಲ್ಲಲಿ. ವರ್ಷಕ್ಕೊಮ್ಮೆ ತಪಾಸಣೆ, ವೈದ್ಯರ ಭೇಟಿ, ತಪ್ಪದ ಮಾತ್ರೆ: ಇವು ಮಂಡಿನೋವಿನವರಿಗೂ ಗಾಲಿಕುರ್ಚಿಯಲ್ಲಿರುವವರಿಗೂ ಸಾಧ್ಯವಾಗುವಂಥವು. ನಡಿಗೆಯ ಗುರಿಯನ್ನು ಇಡುವುದಾದರೆ ಅವರವರ ನಿನ್ನೆಯ ಹೆಜ್ಜೆಗೆ ಹೋಲಿಸಿ ಇಡಲಿ.

ಮೂರನೆಯದು, ಬಿಪಿ, ಸಕ್ಕರೆ ಕಾಯಿಲೆಗಳ ಹೊರರೋಗಿ ಚಿಕಿತ್ಸೆ ಪಾಲಿಸಿಯ ಅಂಗವಾಗಲಿ. ರಕ್ತದೊತ್ತಡದ ಸಾಮಾನ್ಯ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ಕೆಲವೇ ರೂಪಾಯಿಗಳಿಗೆ ಸಿಗುತ್ತವೆ. ಪಾರ್ಶ್ವವಾಯುವಿನ ಬಿಲ್ಲನ್ನು ಕಟ್ಟುವ ಕಂಪನಿ ಮಾತ್ರೆಯ ಬಿಲ್ಲನ್ನು ಕಟ್ಟದಿರುವುದು, ಸೂರು ಕುಸಿದ ಮೇಲೆ ಮನೆ ಕಟ್ಟಿಸಿಕೊಡುತ್ತೇನೆ, ಹೆಂಚು ಮಾತ್ರ ಬದಲಿಸಲಾರೆ ಎಂದಂತೆ.

ನಾಲ್ಕನೆಯದು, ಆ್ಯಪು ಕೂಡಿಹಾಕುವ ಮಾಹಿತಿ. ನಾನು ಎಷ್ಟು ಹೊತ್ತಿಗೆ ಮಲಗಿದೆ, ನನ್ನ ನಾಡಿ ಎಷ್ಟು ಬಾರಿ ಮಿಡಿಯಿತು ಎಂಬುದು ಬಹುಮಾನದ ಲೆಕ್ಕಕ್ಕಷ್ಟೇ ಬಳಕೆಯಾಗಬೇಕು. ಕಂತು ಏರಿಸುವುದಕ್ಕಾಗಲಿ ಕ್ಲೇಮ್ ತಿರಸ್ಕರಿಸುವುದಕ್ಕಾಗಲಿ ಬಳಕೆಯಾಗಬಾರದು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ಸಮ್ಮತಿಯ ಮಾತನಾಡುತ್ತದೆ. ರಿಯಾಯಿತಿಯ ಆಸೆ ತೋರಿಸಿ ಪಡೆದ ಸಮ್ಮತಿ ಎಷ್ಟರಮಟ್ಟಿಗೆ ಸಮ್ಮತಿ ಎಂಬುದನ್ನು ಪ್ರಾಧಿಕಾರ ಯೋಚಿಸಬೇಕು.

ಒಂದು ಆಕ್ಷೇಪ ಬರುತ್ತದೆಂದು ಬಲ್ಲೆ. 'ನಾನು ಬೆಳಿಗ್ಗೆ ಐದಕ್ಕೆದ್ದು ಓಡುತ್ತೇನೆ. ಸೋಮಾರಿಗಳ ಖರ್ಚನ್ನು ನಾನೇಕೆ ಹೊರಬೇಕು?' ಮೇಲುನೋಟಕ್ಕೆ ನ್ಯಾಯವಾದ ಪ್ರಶ್ನೆಯೇ. ಆದರೆ ಬೆಳಗಿನ ಐದು ಗಂಟೆಯೂ ಎಲ್ಲರಿಗೂ ಸಮನಾಗಿ ಸಿಕ್ಕಿರುವುದಿಲ್ಲ. ಉದ್ಯಾನದ ಪಕ್ಕದಲ್ಲಿ ಮನೆಯಿರುವುದು, ಕಾಲುದಾರಿಯಿರುವ ಬಡಾವಣೆಯಲ್ಲಿ ವಾಸಿಸುವುದು, ರಾತ್ರಿಪಾಳಿ ಇಲ್ಲದ ಕೆಲಸ ಸಿಗುವುದು, ಮಧುಮೇಹವಿಲ್ಲದ ತಂದೆತಾಯಿಗೆ ಹುಟ್ಟುವುದು, ಇವೆಲ್ಲ ನಮ್ಮ ಸಾಧನೆಗಳೇ? ನಾಳೆ ನನ್ನ ಸರದಿ ಬಂದೀತೆಂಬ ಅರಿವಿನಿಂದ ಇಂದು ಇನ್ನೊಬ್ಬರ ಭಾರಕ್ಕೆ ಹೆಗಲು ಕೊಡುವುದಕ್ಕೇ ವಿಮೆ ಎಂದು ಹೆಸರು.

ನಮ್ಮ ಮನೆಗೆಲಸಕ್ಕೆ ಬರುವಾಕೆ ದಿನಕ್ಕೆ ಐದು ಮನೆಗಳನ್ನು ಸುತ್ತುತ್ತಾರೆ. ನನಗಿಂತ ಹೆಚ್ಚು ನಡೆಯುವ ಅವರ ಹೆಜ್ಜೆಗಳಿಗೆ ಯಾವ ಅಂಕವೂ ಇಲ್ಲ. ಅವರ ಬಳಿ ಸರ್ಕಾರದ ಆಯುಷ್ಮಾನ್ ಕಾರ್ಡಿದೆ. ಆಸ್ಪತ್ರೆಗೆ ಸೇರಿದರೆ ಅದು ನೆರವಾಗುತ್ತದೆ, ದಿನದ ಮಾತ್ರೆಗೆ ಅಲ್ಲ. ಅಣ್ಣನಿಗೆ ಹಾಗಾದ ಮೇಲೆ ನಾನು ಮನೆಯಲ್ಲೊಂದು ಬಿಪಿ ಯಂತ್ರ ಇಟ್ಟುಕೊಂಡಿದ್ದೇನೆ. ಹೋದ ವಾರ ಅವರು ತಲೆಸುತ್ತು ಎಂದಾಗ ನೋಡಿದರೆ 170/100. 'ನಂಗೇನಾಗಿದೆ ಸಾರ್, ದಿನಾ ಇಷ್ಟೊಂದು ಓಡಾಡ್ತೀನಲ್ಲ' ಎಂದರು. ಅಣ್ಣನ ಮಾತನ್ನೇ ಕೇಳಿದಂತಾಯಿತು. ನನ್ನ ಹೆಂಡತಿ ಅವರನ್ನು ಹತ್ತಿರದ 'ನಮ್ಮ ಕ್ಲಿನಿಕ್'ಗೆ ಕರೆದುಕೊಂಡು ಹೋದಳು. ಮಾತ್ರೆ ಶುರುವಾಗಿದೆ, ಉಚಿತವಾಗಿಯೇ ಕೊಟ್ಟರು.

ಈಗ ಅವರು ಬಂದೊಡನೆ 'ಮಾತ್ರೆ ಆಯಿತೇನಮ್ಮಾ?' ಎಂದು ಕೇಳುವುದು ನಮ್ಮ ಮನೆಯ ರೂಢಿಯಾಗಿದೆ. ರಾತ್ರಿ ಅಣ್ಣನಿಗೆ ಫೋನ್ ಮಾಡಿದಾಗಲೂ ಮೊದಲು ಕೇಳುವುದು ಅದನ್ನೇ. ಎಡಗೈಯಲ್ಲಿ ಬರೆಯಲು ಕಲಿತಿರುವ ಅವನು ಮಾತ್ರೆಯ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳುತ್ತಾನೆ. ಈ ಒಂದು ಪ್ರಶ್ನೆಯನ್ನು ನನ್ನ ವಿಮಾ ಕಂಪನಿ ಇದುವರೆಗೆ ನನ್ನನ್ನು ಕೇಳಿಲ್ಲ. ಕೇಳುವ ದಿನ ಬಂದರೆ, ರಿಯಾಯಿತಿ ಕೊಡದಿದ್ದರೂ ಚಿಂತೆಯಿಲ್ಲ, ನಿಜವನ್ನೇ ಹೇಳುತ್ತೇನೆ.